ದಕ್ಷಿಣದ ಗೋಡೆಯ ಸಂದುಗಳು

ಚರ್ಚಿನ ಗೇಟಿನ ಪಕ್ಕ ತಗುಲಿಸಿದ್ದ ಹಾಜರಿ ಯಂತ್ರ ನನ್ನ ಮಾವನ ಹೆಬ್ಬೆರಳನ್ನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಬಲಗೈ ಆಯಿತು, ಎಡಗೈ ಆಯಿತು, ಅಂಗಿಗೆ ಒರೆಸಿ ಇನ್ನೊಮ್ಮೆ ಒತ್ತಿದ್ದೂ ಆಯಿತು. ಪ್ರತಿ ಸಲವೂ ಕೆಂಪು ದೀಪ. ಕಾವಲುಗಾರ ಅವರ ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿದ.

"ತಾತಾ, ಇಲ್ಲಿ ಗೆರೇನೇ ಇಲ್ವಲ್ಲ. ಬೆರಳು ಪೂರಾ ನುಣ್ಣಗಿದೆ."

"ಸಿಮೆಂಟು ತಿಂದಿದೆಯಪ್ಪ. ಪುಸ್ತಕದಲ್ಲಿ ಬರ್ಕೋ" ಅಂದರು ಮಾವ.

ಅವರ ಊಟದ ಡಬ್ಬಿ ಹಿಡಿದು ನಾನು ಹಿಂದೆ ನಿಂತಿದ್ದೆ. ಎಪ್ಪತ್ತೊಂದು ವರ್ಷದ ಮನುಷ್ಯ ಆ ಗೇಟಿನವರೆಗೆ ಬಂದದ್ದೇ ದೊಡ್ಡದು. ಹಿಂದಿನ ಐದು ತಿಂಗಳು ಅವರು ಆ ಬೀದಿಗೇ ಕಾಲಿಟ್ಟಿರಲಿಲ್ಲ. ಮನೆಯಿಂದ ಹಾಲಿನಂಗಡಿಗೆ ಚರ್ಚಿನ ಮುಂದೆ ಹಾದರೆ ನಾಲ್ಕು ನಿಮಿಷ. ಅವರು ಗೋದಾಮುಗಳನ್ನೆಲ್ಲ ಬಳಸಿ, ರೈಲು ಹಳಿ ದಾಟಿ, ಇಪ್ಪತ್ತು ನಿಮಿಷ ನಡೆದು ಹೋಗುತ್ತಿದ್ದರು. ಕೇಳಿದರೆ, ಡಾಕ್ಟರು ನಡೆಯೋಕೆ ಹೇಳಿದ್ದಾರೆ ಅನ್ನುವರು. ಯಾವ ಡಾಕ್ಟರೂ ಹೇಳಿರಲಿಲ್ಲ.

ನಾನು ಚರ್ಚಿನ ಎದುರು ಸಾಲಿನ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವನು. ಕೂದಲೆಳೆಯ ಲೆಕ್ಕದಲ್ಲಿ ಕಬ್ಬಿಣ ಕೊರೆಯುವವನಿಗೆ ಗಾರೆ ಕೆಲಸದವರನ್ನು ಕಂಡರೆ ಸ್ವಲ್ಪ ತಾತ್ಸಾರ ಇರುತ್ತದೆ. ಬೆರಳಗಲದ ತಪ್ಪನ್ನು ಗಾರೆ ಮೆತ್ತಿ ಮುಚ್ಚುವ ಜನ ಎಂದು ನನ್ನ ಅಭಿಪ್ರಾಯ, ಈಗಲೂ ಅದೇ. ಮಾವನ ವಿಷಯ ಬೇರೆ. ಅವರನ್ನು ಈ ಕಡೆಯವರೆಲ್ಲ ಸಂದು ಮೇಸ್ತ್ರಿ ಎಂದು ಕರೆಯುತ್ತಾರೆ. ಗೋಡೆ ಕಟ್ಟುವುದು ಅವರ ಕಸುಬಲ್ಲ. ಕಟ್ಟಿದ ಗೋಡೆಯ ಕಲ್ಲು ಕಲ್ಲಿನ ನಡುವಿನ ಸಂದನ್ನು ಕೆರೆದು, ತೊಳೆದು, ಹೊಸ ಗಾರೆ ತುಂಬುವುದು ಅವರ ಕಸುಬು. ಆ ಕೆಲಸದಲ್ಲಿ ಅವರದು ಎತ್ತಿದ ಕೈ.

ಚರ್ಚಿನ ಕಥೆ ಹೆಚ್ಚೇನಿಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಲ್ಲಿ ಬಟ್ಟೆ ಗಿರಣಿ ಹಾಕಿದ ಧಣಿ, ಕೆಲಸಗಾರರು ವಾರಕ್ಕೊಂದು ದಿನವಾದರೂ ಕುಡಿಯದೆ ಒಂದು ಕಡೆ ಕೂರಲಿ ಎಂದು ಇದನ್ನು ಕಟ್ಟಿಸಿದನಂತೆ. ಎತ್ತರದ ಚೂಪು ಕಮಾನು, ಗಂಟೆಗೋಪುರ, ಬಣ್ಣದ ಗಾಜು, ಎಲ್ಲವೂ ಆ ಕಾಲದ ಪದ್ಧತಿಯಂತೆ. ಒಳಗಿನ ಕಂಬಗಳು ಮಾತ್ರ ಕಲ್ಲಿನವಲ್ಲ, ಪಕ್ಕದ ಎರಕದ ಕಾರ್ಖಾನೆಯಲ್ಲೇ ಎರೆದ ಕಬ್ಬಿಣದವು. ಒಂದು ಕಂಬದ ಬುಡದಲ್ಲಿ ಎರಕದ ಗುಳ್ಳೆಯೊಂದು ಇನ್ನೂ ಇದೆ. ಯಾರೋ ನನ್ನಂಥವನು ಆವತ್ತು ಬೈಸಿಕೊಂಡಿರಬೇಕು. ಬೆಂಚುಗಳಲ್ಲಿ ನೂಲುವವರಿಗೆ ಒಂದು ಸಾಲು, ನೇಯುವವರಿಗೆ ಒಂದು ಸಾಲು, ಬಾಯ್ಲರಿನವರು ಎಲ್ಲರಿಗಿಂತ ಹಿಂದೆ, ಮಸಿ ತಾಗದಿರಲೆಂದು. ಕಲ್ಲು ಮೂಲದಲ್ಲಿ ಹಳದಿ, ಮೆತ್ತಗಿನ ಮರಳುಗಲ್ಲು. ಚಿಮಣಿಗಳ ಹೊಗೆಗೆ ಇಪ್ಪತ್ತೇ ವರ್ಷದಲ್ಲಿ ಕಪ್ಪಾಯಿತು. ಅದು ಹಳದಿ ಎಂದು ನನ್ನ ವಯಸ್ಸಿನವರಿಗೆ ಗೊತ್ತೇ ಇರಲಿಲ್ಲ.

ಗಿರಣಿ ಮುಚ್ಚಿದ ಮೇಲೂ ಚರ್ಚು ಉಳಿಯಿತು. ನಲವತ್ತಮೂರು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಗೋಡೆಗಳ ಹಳೆಯ ಸುಣ್ಣದ ಸಂದುಗಳು ಉದುರಿ, ನೀರು ಒಳಗೆ ಬಂದು, ಹಾಡಿನ ಪುಸ್ತಕಗಳು ನೆನೆದವು. ಆಗಿನ ಸಮಿತಿಯವರು ಸಂದುಗಳಿಗೆಲ್ಲ ಸಿಮೆಂಟು ತುಂಬಿಸಬೇಕೆಂದು ತೀರ್ಮಾನಿಸಿದರು. ಆ ಕಾಲಕ್ಕೆ ಸಿಮೆಂಟು ಅಂದರೆ ಎಲ್ಲರಿಗೂ ಭಕ್ತಿ. ಸುಣ್ಣ ಅಂದರೆ ಬಡವರ ಪದಾರ್ಥ. ಉತ್ತರದ ಗೋಡೆ ಒಬ್ಬ ಮೇಸ್ತ್ರಿಗೆ, ದಕ್ಷಿಣದ ಗೋಡೆ ಇನ್ನೊಬ್ಬನಿಗೆ ಹಂಚಿದರು.

ಉತ್ತರದವನ ಹೆಸರು ಜನರ ಬಾಯಲ್ಲಿ ಒರಗಣ್ಣ. ಗೋಡೆ ಕಂಡಲ್ಲಿ ಒರಗುವುದು ಅವನ ಸ್ವಭಾವ. ಸಿಮೆಂಟಿನ ಮೂಟೆಗಳು ಅಂಗಳದ ಆ ಮೂಲೆಯಲ್ಲಿದ್ದವು, ಮರಳು ಅವನ ಕಾಲ ಬುಡದಲ್ಲೇ ಇತ್ತು. ಅಷ್ಟು ದೂರ ಯಾರು ನಡೆಯುತ್ತಾರೆ? ಮೂರು ಪಾಲು ಮರಳಿಗೆ ಒಂದು ಪಾಲು ಸಿಮೆಂಟು ಎಂದು ಹೇಳಿದ್ದರೆ, ಅವನು ಏಳಕ್ಕೋ ಎಂಟಕ್ಕೋ ಒಂದು ಕಲಸಿದ. ಸಂದನ್ನು ಆಳಕ್ಕೆ ಕೆರೆಯುವ ಗೋಜಿಗೂ ಹೋಗಲಿಲ್ಲ, ಹಳೆಯ ಸುಣ್ಣದ ಮೇಲೆಯೇ ತೆಳ್ಳಗೆ ಸವರಿದ. ಹತ್ತು ವರ್ಷದೊಳಗೆ ಅದು ಹಪ್ಪಳದ ಹಾಗೆ ಎದ್ದು ಬಿದ್ದುಹೋಯಿತು.

ದಕ್ಷಿಣದವರು ನನ್ನ ಮಾವ, ಆಗ ಇಪ್ಪತ್ತೆಂಟರ ಹರೆಯ. ದೇವರ ಮನೆ, ಅದರಲ್ಲೂ ತಾನು ಕೈ ಹಿಡಿದವಳನ್ನು ಕರೆತಂದ ಬಾಗಿಲು. ಮೂರಕ್ಕೆ ಒಂದು ಎಂದದ್ದನ್ನು ಅವರು ಎರಡಕ್ಕೆ ಒಂದು ಮಾಡಿದರು. ಸಂದನ್ನು ನಾಲ್ಕು ಬೆರಳು ಆಳ ಕೆರೆದು, ಒಳಗೆ ಗಾರೆ ಕುಸಿಯದಿರಲೆಂದು ಗೇಣಿಗೊಂದರಂತೆ ತೆಳುಗಲ್ಲಿನ ಚಕ್ಕೆ ಬಡಿದು, ಅದರ ಮೇಲೆ ಸಿಮೆಂಟನ್ನು ಒತ್ತಿ ಒತ್ತಿ ತುಂಬಿದರು. ಎರಡು ವರ್ಷ ಹಿಡಿಯಿತು. ದಿನದ ಕೆಲಸ ಮುಗಿದಾಗ ಕೊನೆಯ ಸಂದಿಗೆ ಬರೀ ಸಿಮೆಂಟಿನ ನುಣ್ಣನೆ ಪಾಕ ಸವರಿ ಹೆಬ್ಬೆರಳು ಒತ್ತುವುದು ಅವರ ಅಭ್ಯಾಸ. ಇಂದು ಇಲ್ಲಿಗೆ ಬಂದೆ, ನಾಳೆ ಇಲ್ಲಿಂದ ಮುಂದೆ ಎಂಬ ಗುರುತು. ಗೋಡೆ ಉದ್ದಕ್ಕೂ ಹೀಗೆ ನಾನೂರಕ್ಕೂ ಮೇಲೆ ಬೆರಳುಗಳಿದ್ದವು. ಮಳೆ ಬಿಸಿಲಿಗೆ ಬಹಳಷ್ಟು ಬರಿಯ ಕುಳಿಗಳಾಗಿದ್ದವು. ಬಾಗಿಲ ಮೇಲೆ ಚಾಚಿದ ಮಾಡಿನ ಕೆಳಗಿದ್ದ ಕಟ್ಟಕಡೆಯದರಲ್ಲಿ ಮಾತ್ರ ಬೆರಳಿನ ಗೆರೆಗಳು ಒಂದೊಂದೂ ಉಳಿದಿದ್ದವು.

ನನ್ನ ಮದುವೆ ಗೊತ್ತಾದ ವಾರ ಮಾವ ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಆ ಗೋಡೆಯ ಹತ್ತಿರ. ಕಲ್ಲುಗಳ ಮುಖ ಸವೆದು ಎರಡು ಬೆರಳು ಒಳಗೆ ಸರಿದಿತ್ತು. ಸಿಮೆಂಟಿನ ಸಂದುಗಳು ಮಾತ್ರ ಬಲೆಯ ಹಾಗೆ ಮುಂದಕ್ಕೆ ಎದ್ದು ನಿಂತಿದ್ದವು. ಅವರು ಬಲೆಯ ಒಂದು ಎಳೆಯನ್ನು ತಟ್ಟಿ ಹೇಳಿದರು:

"ನೋಡಿ ಅಳಿಯಂದ್ರೇ. ಕಲ್ಲೇ ಸವೆದ್ರೂ ನನ್ನ ಸಂದು ಸವೀಲಿಲ್ಲ."

ನಾನು ತಲೆಯಾಡಿಸಿದೆ. ಹುಡುಗಿಯ ಅಪ್ಪ ಏನು ಹೇಳಿದರೂ ತಲೆಯಾಡಿಸುವ ಕಾಲ ಅದು. ಆದರೆ ನಿಜವಾಗಿಯೂ ಮೆಚ್ಚಿದ್ದೆ. ಆಮೇಲೆ ಆ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಪ್ರಾರ್ಥನೆ ಮುಗಿಸಿ ಬಂದವರಲ್ಲಿ ಹೊಸಬರು ಯಾರೇ ಇರಲಿ, ಮಾವ ಅವರನ್ನು ಮೆಲ್ಲಗೆ ದಕ್ಷಿಣದ ಕಡೆ ಸಾಗಿಸುವರು. "ಇವ್ರು ಪಾದ್ರಿಗಿಂತ ಉದ್ದ ಉಪದೇಶ ಮಾಡ್ತಾರೆ" ಎಂದು ಅತ್ತೆ ಗೊಣಗುವರು.

ಎರಡು ವರ್ಷದ ಕೆಳಗೆ ಹೊಸ ಸಮಿತಿ ಚರ್ಚನ್ನು ಮೊದಲಿನಂತೆ ಮಾಡಿಸಲು ಹೊರಟಿತು. ಹಳೆಯ ಕಟ್ಟಡಗಳನ್ನೇ ಓದಿಕೊಂಡ ಇಂಜಿನಿಯರಮ್ಮ ಒಬ್ಬರು ಬಂದರು. ಸಣ್ಣ ಆಳು, ದೊಡ್ಡ ಬೂಟು, ಕುತ್ತಿಗೆಗೆ ಭೂತಗನ್ನಡಿ. ಮೂರು ವಾರ ಗೋಡೆಗಳನ್ನು ಮುಟ್ಟಿ, ತಟ್ಟಿ, ಮೂಸಿ ನೋಡಿ, ಒಂದು ಭಾನುವಾರ ಎಲ್ಲರನ್ನೂ ಅಂಗಳಕ್ಕೆ ಕರೆದು ವಿವರಿಸಿದರು. ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದರು. ಹೊಗಳುತ್ತಾರೆ ಎಂದೇ ಅವರ ಎಣಿಕೆ.

"ಹಳೇ ಸುಣ್ಣದ ಸಂದು ಮೆತ್ತಗಿರತ್ತೆ" ಎಂದರು ಇಂಜಿನಿಯರಮ್ಮ. "ಗೋಡೆ ಕುಡಿದ ನೀರು ಆ ಸಂದಿನಿಂದ ಹೊರಗೆ ಹೋಗತ್ತೆ. ಸವೆಯೋದಿದ್ರೆ ಸಂದು ಸವೆಯತ್ತೆ, ಕಲ್ಲು ಉಳಿಯತ್ತೆ. ಈ ದಕ್ಷಿಣದ ಗೋಡೇಲಿ ಯಾರೋ ಗಟ್ಟಿ ಸಿಮೆಂಟು ತುಂಬಿ ಆ ದಾರಿ ಮುಚ್ಚಿದ್ದಾರೆ. ನೀರು ಕಲ್ಲಿನ ಮೂಲಕಾನೇ ಹೊರಗೆ ಬರಬೇಕಾಯ್ತು, ಬರುವಾಗ ಕಲ್ಲಿನ ಮುಖ ಕಿತ್ಕೊಂಡು ಬಂತು. ಉತ್ತರದ ಗೋಡೆ ನೋಡಿ. ಅಲ್ಲಿ ಕಳಪೆ ಕೆಲಸ, ಸಿಮೆಂಟು ಬೇಗ ಉದುರಿಹೋಯ್ತು. ಅದಕ್ಕೇ ಒಂದು ಕಲ್ಲೂ ಕೆಟ್ಟಿಲ್ಲ."

ಗುಂಪಿನ ಹಿಂದೆ ಉತ್ತರದ ಗೋಡೆಗೆ ಒರಗಿ ನಿಂತಿದ್ದ ಒರಗಣ್ಣ ಹಲ್ಲು ಕಿರಿದ. ಅವನಿಗೂ ಎಪ್ಪತ್ತು ದಾಟಿತ್ತು. ಬದುಕಿನಲ್ಲಿ ಮೊದಲ ಸಲ ಅವನ ಕೆಲಸವನ್ನು ಒಬ್ಬರು ಎಲ್ಲರೆದುರು ಹೊಗಳಿದ್ದರು.

"ಆ ಯಾರೋ ನಾನೇ" ಎಂದು ಮಾವ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅವರು ಅಂಗಿಯ ತೋಳು ಸರಿಮಾಡಿಕೊಂಡು ಗೇಟಿನ ಕಡೆ ನಡೆದರು. ಆ ಹೊತ್ತು ನನಗೆ ಇಂಜಿನಿಯರಮ್ಮನ ಮೇಲೆ ತುಂಬ ಸಿಟ್ಟು ಬಂತು. ಅವರು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ ಎಂಬುದು ಆ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ಅಂದಿನಿಂದ ಹಾಲಿಗೆ ರೈಲು ಹಳಿಯ ದಾರಿ. ಮನೆಯಲ್ಲಿ ಯಾರೂ ಗೋಡೆಯ ಬಗ್ಗೆ ಚಕಾರ ಎತ್ತುವಂತಿರಲಿಲ್ಲ. ಒಂದು ದಿನ ನನ್ನ ಹೆಂಡತಿ, "ಅಪ್ಪಾ, ನೀವು ಒಳ್ಳೇದಕ್ಕೆ ತಾನೇ ಮಾಡಿದ್ದು" ಎಂದಳು. ಹೊಲಿಗೆ ಯಂತ್ರದ ಮುಂದೆ ಕೂತು ಎರಕದ ಕಾರ್ಖಾನೆಯವರ ಮೇಲಂಗಿ ಹೊಲಿಯುತ್ತಿದ್ದ ಅತ್ತೆ ತಲೆ ಎತ್ತದೆಯೇ ಹೇಳಿದರು:

"ಒಳ್ಳೇ ಮನಸ್ಸಿಂದ ಮಾಡಿದ್ದು ಅಂತ ಕಲ್ಲಿಗೆ ಗೊತ್ತಾಗತ್ತೇನೇ? ಅಳತೆ ತಪ್ಪಿ ಕತ್ತರಿಸಿದ್ರೆ ಬಟ್ಟೆ ಹೋಯ್ತು. ಬಿಚ್ಚಿ ಹೊಲೀಬೇಕು, ಅಷ್ಟೆ."

ನನ್ನ ಹೆಂಡತಿ ಅಮ್ಮನನ್ನು ದುರುಗುಟ್ಟಿ ನೋಡಿದಳು. ಮಾವ ಎದ್ದು ಹೊರಗೆ ಹೋದರು.

ಅತ್ತ ಚರ್ಚಿನಲ್ಲಿ ಕೆಲಸ ಕೆಟ್ಟಿತು. ಸಿಮೆಂಟು ಕೀಳಲು ಬಂದ ತಂಡ ಕೊರೆಯುವ ಚಕ್ರ ಹಚ್ಚಿತು. ಸಿಮೆಂಟು ಕಲ್ಲಿಗಿಂತ ಗಟ್ಟಿ. ಚಕ್ರ ಸ್ವಲ್ಪ ಜಾರಿದರೆ ಮೆತ್ತಗಿನ ಕಲ್ಲಿನ ಅಂಚನ್ನೇ ತಿನ್ನುತ್ತಿತ್ತು. ಇಂಜಿನಿಯರಮ್ಮ ಅದನ್ನು ನಿಲ್ಲಿಸಿ ಉಳಿ ಹಿಡಿಸಿದರು. ಉಳಿಗೂ ಅದೇ ಪಾಡು, ಒಂದು ಏಟಿಗೆ ಸಿಮೆಂಟಿನ ಜೊತೆ ಕಲ್ಲೂ ಚಕ್ಕೆ ಎದ್ದಿತು. ಎರಡು ತಿಂಗಳಿಗೆ ಹನ್ನೊಂದು ಕಲ್ಲು ಹಾಳಾದವು. ಸಮಿತಿಯವರು ಸಭೆ ಸೇರಿ ಹೇಳಿದರು: ದಕ್ಷಿಣದ ಗೋಡೆಯನ್ನು ಬಿಚ್ಚಿಬಿಡೋಣ, ಆ ಜಾಗಕ್ಕೆ ಇಟ್ಟಿಗೆ ಕಟ್ಟಿ ಬಣ್ಣ ಬಳಿದರಾಯಿತು. ಮಳೆಗಾಲದೊಳಗೆ ಬೇರೆ ದಾರಿ ತೋರಿಸದಿದ್ದರೆ ಅದೇ ತೀರ್ಮಾನ ಎಂದು ಕೈ ತೊಳೆದುಕೊಂಡರು.

ಆ ಸಂಜೆಯೇ ಇಂಜಿನಿಯರಮ್ಮ ನಮ್ಮ ಮನೆಗೆ ಬಂದರು. ಬೂಟು ಹೊರಗೆ ಬಿಟ್ಟು, ನೆಲದ ಮೇಲೆ ಕೂತರು. ಮಾವ ಮುಖ ಗಂಟು ಹಾಕಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದರು.

"ಮೇಸ್ತ್ರಿ, ಆವತ್ತು ಅದು ನಿಮ್ಮ ಕೆಲಸ ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಿದ್ರೆ ಬೇರೆ ಹೇಳ್ತಿದ್ರಾ?"

"ಇಲ್ಲ. ಅದನ್ನೇ ಹೇಳ್ತಿದ್ದೆ. ಆದ್ರೆ ಮೊದಲು ಮನೆಗೆ ಬಂದು ನಿಮ್ಮ ಹತ್ರ ಹೇಳ್ತಿದ್ದೆ."

ಮಾವ ಕಿಟಕಿಯಿಂದ ಈ ಕಡೆ ತಿರುಗಿದರು. ಆಕೆ ಹನ್ನೊಂದು ಕಲ್ಲಿನ ಕಥೆ ಹೇಳಿದರು, ಇಟ್ಟಿಗೆಯ ಮಾತೂ ಹೇಳಿದರು. "ಆ ಗೋಡೆ ಒಳಗೆ ಹೇಗಿದೆ ಅಂತ ತಿಳಿದವರು ನೀವೊಬ್ರೇ. ಎಲ್ಲಿ ಹೊಡೆದ್ರೆ ಬಿಡತ್ತೆ?"

ಮಾವ, "ಅಂಚಲ್ಲಿ ಹೊಡೀತಿದ್ದಾರಾ?" ಎಂದು ಕೇಳಿದರು.

"ಹೌದು."

"ದಡ್ಡರು. ಒಳಗೆ ಗೇಣಿಗೊಂದು ಚಕ್ಕೆ ಇದೆ. ಮಧ್ಯಕ್ಕೆ ಹೊಡೆದು ಮೊದಲು ಚಕ್ಕೆ ಪುಡಿ ಮಾಡ್ಬೇಕು. ಅಲ್ಲಿ ಟೊಳ್ಳಾದ ಮೇಲೆ ಅಂಚನ್ನ ಒಳಕ್ಕೆ ಬೀಳಿಸ್ಬೇಕು. ಕಲ್ಲಿನ ಮೇಲೆ ಭಾರ ಬೀಳಬಾರ್ದು."

"ಚಕ್ಕೆ ಎಲ್ಲಿದೆ ಅಂತ ಹೊರಗಿಂದ ಹೇಗೆ ತಿಳಿಯೋದು?"

"ತಟ್ಟಿದ್ರೆ ಸದ್ದು ಬೇರೆ" ಎಂದರು ಮಾವ. "ನಿಮಗೆ ಕೇಳಿಸಲ್ಲ."

ಹೊಲಿಯುತ್ತಿದ್ದ ಅತ್ತೆ ಯಂತ್ರ ನಿಲ್ಲಿಸಿ ಒಳಗೆ ಹೋದರು. ಹಿಂದಿರುಗಿದಾಗ ಅವರ ಕೈಯಲ್ಲಿ ಮಾವನ ಹಳೆಯ ಉಳಿಗಳ ಚೀಲವಿತ್ತು. ಅದನ್ನು ಗಂಡನ ಕಾಲ ಬಳಿ ಇಟ್ಟು, ಮತ್ತೆ ಹೊಲಿಯಲು ಕೂತರು.

ಹಾಗೆ ನಾವು ಮರುದಿನ ಗೇಟಿಗೆ ಹೋದದ್ದು, ಯಂತ್ರ ಬೆರಳು ಒಪ್ಪದೆ ಹೋದದ್ದು.

ನಾನು ಮಧ್ಯಾಹ್ನದ ಬಿಡುವಿನಲ್ಲಿ ಡಬ್ಬಿ ಕೊಡುವ ನೆಪದಲ್ಲಿ ದಿನಾ ಹೋಗಿ ನೋಡುತ್ತಿದ್ದೆ. ಮಾವ ಅಟ್ಟಣಿಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಕಿವಿಯನ್ನು ಗೋಡೆಗೆ ಹತ್ತಿರ ತಂದು, ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗುವರು. ಒಂದು ಕಡೆ ತಡೆದು ಸೀಮೆಸುಣ್ಣದ ಕಡ್ಡಿಯಿಂದ ಗುರುತು ಹಾಕುವರು. ಉಳಿ ಅಲ್ಲೇ ಇಳಿಯುತ್ತಿತ್ತು. ಮೊದಲ ಸಂದು ಪೂರ್ತಿ ಬಿಡಲು ಅರ್ಧ ದಿನ ಹಿಡಿಯಿತು. ಕಲ್ಲಿಗೆ ಗೀರೂ ಬೀಳಲಿಲ್ಲ. ಬಿಟ್ಟ ಸಂದಿಗೆ ಮೊದಲಿನಂತೆ ಸುಣ್ಣದ ಗಾರೆ ತುಂಬಿದರು. ಎರಡನೆಯ ವಾರ ತಂಡದ ಇಬ್ಬರು ಅವರಿಂದ ಕಲಿತರು, ಆದರೂ ಗುರುತು ಹಾಕುವುದು ಅವರೇ. ಸಮಿತಿಯವರು ಬಂದು ನೋಡಿ, ಇಟ್ಟಿಗೆಯ ಮಾತನ್ನು ಮರೆತವರ ಹಾಗೆ ಮರಳಿದರು.

ಒರಗಣ್ಣನೂ ದಿನಾ ಬರುತ್ತಿದ್ದ. ತನ್ನ ಉತ್ತರದ ಗೋಡೆಗೆ ಒರಗಿ ಕೂರುವುದು ಬಿಟ್ಟು ಈ ಕಡೆಗೇ ಬಂದು ಕೆಳಗೆ ನಿಂತು ಕೂಗುವನು:

"ಮೇಸ್ತ್ರೀ, ನಿನ್ನ ಬೆವರಿಗಿಂತ ನನ್ನ ಸೋಮಾರಿತನಾನೇ ದೇವರಿಗೆ ಮೆಚ್ಚುಗೆ ಆಯ್ತು ನೋಡು!"

ನಾನಾಗಿದ್ದರೆ ಸುತ್ತಿಗೆ ಎಸೆಯುತ್ತಿದ್ದೆ. ಮಾವ ಮೊದಮೊದಲು ಹಲ್ಲು ಕಚ್ಚಿಕೊಂಡರು. ಒಂದು ದಿನ ಕೆಳಗೆ ಬಗ್ಗಿ, "ಸರಿ ಮಾರಾಯ, ನೀನೇ ಗೆದ್ದೆ. ಈಗ ಬಾಯ್ಮುಚ್ಕೊಂಡು ಆ ಗೋಣಿತಾಟು ನೆನೆಸಿ ಕೊಡು, ಸುಣ್ಣ ಬಿಸಿಲಿಗೆ ಒಣಗ್ತಿದೆ" ಎಂದರು. ಗೆದ್ದೆ ಎಂಬ ಮಾತಿಗೆ ಒರಗಣ್ಣ ಕಕ್ಕಾಬಿಕ್ಕಿಯಾದ. ಏನು ಮಾಡಬೇಕೋ ತಿಳಿಯದೆ ನಿಜವಾಗಿಯೂ ಗೋಣಿತಾಟು ನೆನೆಸಿದ. ಹೊಸ ಸುಣ್ಣದ ಗಾರೆ ನಿಧಾನಕ್ಕೆ ಗಟ್ಟಿಯಾಗಬೇಕು, ಅದರ ಮೇಲೆ ಸದಾ ಒದ್ದೆ ಗೋಣಿ ಇಳಿಬಿಡಬೇಕು. ಆ ಕೆಲಸ ಕೊನೆಯವರೆಗೂ ಒರಗಣ್ಣನದೇ ಆಯಿತು. ಅವನು ಇಷ್ಟು ದುಡಿದದ್ದು ನೋಡಿ ಅವನ ಹೆಂಡತಿ ಡಾಕ್ಟರಿಗೆ ತೋರಿಸೋಣ ಎಂದಳಂತೆ.

ಏಳು ತಿಂಗಳಾಯಿತು. ಬೆರಳಿನ ಕುಳಿಗಳು ಒಂದೊಂದಾಗಿ ಗೋಡೆಯಿಂದ ಹೋದವು. ಮಾವ ಅವುಗಳ ಮುಂದೆ ಒಮ್ಮೆಯೂ ನಿಲ್ಲಲಿಲ್ಲ, ಅಥವಾ ನಾನು ಇರುವಾಗ ನಿಲ್ಲಲಿಲ್ಲ. ಉಳಿದದ್ದು ಬಾಗಿಲ ಮಾಡಿನ ಕೆಳಗಿನದು.

ಅವತ್ತು ನನ್ನ ಹೆಂಡತಿಯೂ ಬಂದಿದ್ದಳು. ಇಂಜಿನಿಯರಮ್ಮ ಭೂತಗನ್ನಡಿ ಹಿಡಿದು ಆ ಬೆರಳಿನ ಗೆರೆಗಳನ್ನು ತುಂಬಾ ಹೊತ್ತು ನೋಡಿದರು.

"ಮೇಸ್ತ್ರಿ, ಇದೊಂದು ಇರ್ಲಿ. ಇಲ್ಲಿ ಮಳೆ ಬೀಳಲ್ಲ. ಇದೂ ಈ ಚರ್ಚಿನ ಚರಿತ್ರೇನೇ."

"ಹೌದಪ್ಪಾ, ಇದೊಂದು ಬಿಡಿ" ಎಂದಳು ನನ್ನ ಹೆಂಡತಿ. "ನಿಮ್ಮ ಕೈಯಲ್ಲೂ ಇಲ್ಲ ಈಗ."

ಅದು ನಿಜ. ಆ ಮನುಷ್ಯನ ಬೆರಳಿನ ಗುರುತು ಲೋಕದಲ್ಲಿ ಉಳಿದಿದ್ದರೆ ಆ ಸಂದಿನಲ್ಲಿ ಮಾತ್ರ. ನಾನೂ ಬಿಡಿ ಎಂದೆ.

ಮಾವ ಸಂದಿನ ಮೇಲಿನ ಕಲ್ಲಿಗೆ ಅಂಗೈ ಇಟ್ಟು ಒತ್ತಿ, ತೆಗೆದು ನಮಗೆ ತೋರಿಸಿದರು. ಅಂಗೈ ತುಂಬ ತೇವದ ಹಳದಿ ಪುಡಿ.

"ನೀರು ನೆಲದಿಂದಾನೂ ಏರತ್ತಮ್ಮ. ಇದೂ ಉದುರ್ತಿದೆ" ಎಂದರು.

ಉಳಿ ಇಟ್ಟರು. ಚಕ್ಕೆ ಪುಡಿಯಾಯಿತು. ಬೆರಳಿದ್ದ ಭಾಗ ಒಡೆಯದೆ ಒಂದೇ ತುಂಡಾಗಿ ಅವರ ಕೈಗೆ ಬಂತು. ಅದನ್ನು ಒಮ್ಮೆ ತಿರುಗಿಸಿ ನೋಡಿ, ನನ್ನ ಕೈಗೆ ಹಾಕಿ, "ಹುಷಾರು, ಚೂಪಿದೆ" ಎಂದರು. ಅಷ್ಟು ಹೇಳಿ ಸುಣ್ಣ ಕಲಸಲು ಹೋದರು. ನನ್ನ ಹೆಂಡತಿ ಅತ್ತಳು. ನಾನು ಆ ತುಂಡನ್ನು ಹಿಡಿದುಕೊಂಡು, ಏನಾದರೂ ಮಾಡಬೇಕೆಂದು, ಅದರ ಮೇಲಿದ್ದ ಧೂಳು ಊದುತ್ತಾ ನಿಂತೆ. ಈಗ ಅದು ಅತ್ತೆಯ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಗುಂಡಿಗಳ ಜೊತೆ ಇದೆ.

ಚರ್ಚು ಮತ್ತೆ ತೆರೆದ ದಿನ ಗೋಡೆಗಳ ಮಸಿ ತೊಳೆದು ಹಳದಿ ಬಣ್ಣ ಹೊರಬಿದ್ದಿತ್ತು. ಒಳಗೆ ಭಾಷಣಗಳು ನಡೆದವು. ದಾನ ಕೊಟ್ಟವರು, ಸಮಿತಿಯವರು, ಇಂಜಿನಿಯರಮ್ಮ ಎಲ್ಲರಿಗೂ ಹಾರ. ಇಂಜಿನಿಯರಮ್ಮ ಮೇಸ್ತ್ರಿಯನ್ನು ಹೆಸರು ಹಿಡಿದು ಕರೆದಾಗ ಬೆಂಚಿನಲ್ಲಿ ಮಾವ ಇರಲಿಲ್ಲ. ನಾನು ಹುಡುಕಿಕೊಂಡು ಹೊರಗೆ ಹೋದೆ.

ಎಲ್ಲಿರುತ್ತಾರೆಂದು ಗೊತ್ತಿತ್ತು. ದಕ್ಷಿಣದ ಗೋಡೆಯ ಬಳಿ ಯಾರೋ ಅಪರಿಚಿತ ದಂಪತಿಗಳನ್ನು ನಿಲ್ಲಿಸಿಕೊಂಡಿದ್ದರು. ಸಂದುಗಳು ಈಗ ಕಲ್ಲಿಗಿಂತ ಸ್ವಲ್ಪ ಒಳಗೆ, ತಗ್ಗಾಗಿ, ಬೆಳ್ಳಗೆ. ಮಾವ ಹೆಬ್ಬೆರಳಿನ ಉಗುರಿನಿಂದ ಒಂದು ಸಂದನ್ನು ಕೆರೆದರು. ಉಗುರಿನಲ್ಲಿ ಬಿಳಿ ಪುಡಿ ಬಂತು. ಅದನ್ನು ಆ ದಂಪತಿಗಳ ಮುಖದ ಹತ್ತಿರ ಹಿಡಿದರು.

"ನೋಡಿ, ಉಗುರಿಗೇ ಬರತ್ತೆ. ಇನ್ನೊಂದು ಐವತ್ತು ವರ್ಷಕ್ಕೆ ನನ್ನ ಸಂದು ಪೂರಾ ಉದುರಿಹೋಗತ್ತೆ." ಅವರ ದನಿಯಲ್ಲಿ, ನನ್ನ ಮದುವೆ ಗೊತ್ತಾದ ವಾರ ನಾನು ಕೇಳಿದ್ದ ಅದೇ ಹೆಮ್ಮೆ. "ಕಲ್ಲಿಗೆ ಏನೂ ಆಗಲ್ಲ."

ಒಳಗಿಂದ ಇನ್ನೊಮ್ಮೆ ಅವರ ಹೆಸರು ಕೂಗಿದರು. ನಾನು ಕರೆಯಲಿಲ್ಲ. ಅವರ ಮಾತು ಮುಗಿಯುವವರೆಗೆ ಹಿಂದೆಯೇ ನಿಂತಿದ್ದೆ.